ಹಲವು ಮನೆ, ಒಂದು ಮನವಿ

ನಾನು ಎಂ.ಎ. ತರಗತಿಯಲ್ಲಿ ಓದುತ್ತಿದ್ದ ಕಾಲದ ಒಂದು ಸಣ್ಣ ಪ್ರಸಂಗದಿಂದ ಈ ಮಾತುಗಳನ್ನು ಆರಂಭಿಸುತ್ತೇನೆ. ನಮ್ಮ ಊರಿನ ಪುಟ್ಟ ವಾಚನಾಲಯವನ್ನು ಮುಚ್ಚುವರೆಂಬ ಸುದ್ದಿ ಹಬ್ಬಿತ್ತು. ಬೇಸಗೆಯ ರಜೆಗೆ ಊರಿಗೆ ಬಂದಿದ್ದ ನಾವು ನಾಲ್ಕೈದು ಮಂದಿ ಗೆಳೆಯರು ಒಂದು ಮನವಿಪತ್ರವನ್ನು ಬರೆದು, ಊರವರ ಸಹಿ ಪಡೆಯಲು ಮನೆಮನೆಗೆ ಹೊರಟೆವು. ಜನ ಉದಾರಿಗಳು. ನಾವು ವಿಷಯವನ್ನು ಹೇಳಿ ಮುಗಿಸುವ ಮೊದಲೇ ಹಾಳೆಯನ್ನು ಇಸಿದುಕೊಂಡು ಸಹಿ ಹಾಕಿಕೊಟ್ಟರು. ಕೆರೆಬೀದಿಯ ಕೊನೆಯ ಮನೆಯ ಅಜ್ಜಿಯೊಬ್ಬರು ಮಾತ್ರ ಹಾಗೆ ಮಾಡಲಿಲ್ಲ. ಹೆಬ್ಬೆಟ್ಟಿಗೆಂದು ಮಸಿಯ ಪ್ಯಾಡನ್ನು ಮುಂದೆ ಹಿಡಿದಾಗ ಕೈಯನ್ನು ಹಿಂದಕ್ಕೆಳೆದುಕೊಂಡು, “ಏನ್ ಬರ್ದಿದೀರಪ್ಪ ಅದ್ರಲ್ಲಿ? ಮೊದ್ಲು ಓದಿ ಹೇಳು ಮಗ. ಓದಿಸ್ದೆ ಹೆಬ್ಬೆಟ್ಟು ಒತ್ತಿ ನಮ್ಮ್ ಯಜಮಾನ್ರು ಒಂದು ಗದ್ದೆ ಕಳ್ಕೊಂಡ್ರು” ಎಂದರು. ನಾನು ಓದಿದೆ. ಎರಡು ಕಡೆ ತಡೆದು ಅರ್ಥ ಕೇಳಿದರು. ಅನಂತರ, ತಮ್ಮ ಮೊಮ್ಮಗ ಅಲ್ಲಿಗೆ ಹೋಗಿ ಪತ್ರಿಕೆ ಓದಿ ಬಂದು ತಮಗೆ ಹೇಳುವುದುಂಟೆಂದು ತಿಳಿಸಿ, ತಾವಾಗಿಯೇ ಹೆಬ್ಬೆಟ್ಟನ್ನೊತ್ತಿದರು. ಅಂದು ನಮಗೆ ಅದು ಮುದುಕಿಯ ಹಠವೆಂದು ತೋರಿತು. ನಲವತ್ತು ವರ್ಷಗಳಿಗೂ ಮೇಲಾದ ಮೇಲೆ, ನಮ್ಮ ಹಾಳೆಯಲ್ಲಿದ್ದ ಸಹಿಗಳಲ್ಲೆಲ್ಲ ಹೆಚ್ಚು ತೂಕದ್ದು ಆ ಹೆಬ್ಬೆಟ್ಟೇ ಎಂದು ನನಗೆ ಅನ್ನಿಸುತ್ತಿದೆ.

ಇಂದು ಸಹಿಗೆ ಮಸಿಯೂ ಬೇಡ, ಹಾಳೆಯೂ ಬೇಡ. ಕೈಯಲ್ಲಿರುವ ಫೋನಿನ ಗಾಜಿನ ಮೇಲೆ ಬೆರಳು ಒಂದು ಕ್ಷಣ ತಾಗಿದರೆ ಸಾಕು, ನಮ್ಮ ಹೆಸರು ಲಕ್ಷಾಂತರ ಹೆಸರುಗಳೊಡನೆ ಸೇರಿ ದೆಹಲಿಗೋ ವಾಷಿಂಗ್ಟನ್ನಿಗೋ ತಲುಪಿಬಿಡುತ್ತದೆ. ಬೇರೆ ಬೇರೆ ಜಾಲತಾಣಗಳಲ್ಲಿ ಚದುರಿ ಕುಳಿತ ಜನ, ಒಬ್ಬರ ಮುಖವನ್ನೊಬ್ಬರು ಕಾಣದವರು, ಒಂದು ದಿನ ಒಮ್ಮೆಗೇ ಎದ್ದುನಿಂತು ಒಂದು ಮಾತನ್ನಾಡುವುದು ನಮ್ಮ ಕಾಲದ ವಿಸ್ಮಯಗಳಲ್ಲೊಂದು. ಇದು ತೀರ ಹೊಸದೆ? ಇದರ ಬಲವಿರುವುದು ಯಂತ್ರದಲ್ಲಿಯೋ ಮನುಷ್ಯರಲ್ಲಿಯೋ? ಇತಿಹಾಸದ ಕೆಲವು ಪುಟಗಳನ್ನು ತಿರುವಿ ಈ ಪ್ರಶ್ನೆಗಳನ್ನು ಪರಿಶೀಲಿಸಬಹುದು.

1787ರ ಮೇ 22ರಂದು ಲಂಡನ್ನಿನ ಜಾರ್ಜ್ ಯಾರ್ಡ್ ಎಂಬ ಓಣಿಯಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಮಂದಿ ಸಭೆ ಸೇರಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ಆಫ್ರಿಕದ ಮನುಷ್ಯರನ್ನು ಹಡಗುಗಳಲ್ಲಿ ತುಂಬಿ ಅಮೆರಿಕಕ್ಕೂ ವೆಸ್ಟ್ ಇಂಡೀಸಿಗೂ ಸಾಗಿಸಿ ಮಾರುತ್ತಿದ್ದ ವ್ಯಾಪಾರವನ್ನು ನಿಲ್ಲಿಸಬೇಕೆಂಬುದು ಅವರ ಸಂಕಲ್ಪ. ಆ ವ್ಯಾಪಾರದ ಹಿಂದೆ ಬಂದರುಗಳ ಹಣವಿತ್ತು, ಸಕ್ಕರೆ ತೋಟಗಳ ಒಡೆಯರ ಬಲವಿತ್ತು, ಪಾರ್ಲಿಮೆಂಟಿನಲ್ಲಿಯೇ ಅವರ ಮಿತ್ರರಿದ್ದರು. ಈ ಹನ್ನೆರಡು ಮಂದಿಯ ಬಳಿ ಇದ್ದುದೇನು? ಒಂದು ಅಚ್ಚಿನ ಯಂತ್ರ, ಊರೂರಿನಲ್ಲಿದ್ದ ಕ್ವೇಕರರ ಪ್ರಾರ್ಥನಾಮಂದಿರಗಳು, ಮತ್ತು ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣ. ಕ್ಲಾರ್ಕ್‌ಸನ್ ಕುದುರೆಯೇರಿ ಊರಿಂದೂರಿಗೆ ಅಲೆದ; ಬ್ರಿಸ್ಟಲ್ಲು ಲಿವರ್‌ಪೂಲುಗಳ ಹಡಗುಕಟ್ಟೆಗಳಲ್ಲಿ ನಾವಿಕರನ್ನು ಮಾತನಾಡಿಸಿ ಸಾಕ್ಷ್ಯ ಸಂಗ್ರಹಿಸಿದ; ಹೋದಲ್ಲೆಲ್ಲ ಸ್ಥಳೀಯರ ಸಮಿತಿಗಳು ಏಳುವಂತೆ ಮಾಡಿದ. ಆ ಸಮಿತಿಗಳು ಲಂಡನ್ನಿಗೂ ಪರಸ್ಪರವೂ ಪತ್ರ ಬರೆಯುತ್ತಿದ್ದುವು. ಆ ಕಾಲದಲ್ಲಿ ಅಂಚೆಯ ದರವನ್ನು ಸಾಮಾನ್ಯವಾಗಿ ಕೊಡುತ್ತಿದ್ದವನು ಪತ್ರ ಪಡೆಯುವವನು. ಹಣ ತೆತ್ತು ಬಿಡಿಸಿಕೊಂಡ ಪತ್ರವನ್ನು ಓದದೆ ಬಿಸುಡುವವರು ವಿರಳವೆಂದೇ ಹೇಳಬೇಕು.

ಈ ಚಳವಳಿಯ ಒಂದು ಮುಖ್ಯ ಲಕ್ಷಣವನ್ನು ಗಮನಿಸಬೇಕು. ಎಲ್ಲ ಮಾತೂ ಲಂಡನ್ನಿನಿಂದಲೇ ಹೊರಡಲಿಲ್ಲ. ಮ್ಯಾಂಚೆಸ್ಟರ್ ನಗರದವರು ತಾವೇ ಮುಂದಾಗಿ ಹತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಿದ್ಧಪಡಿಸಿದರು. ಅದನ್ನು ನೋಡಿ ಬೇರೆ ಊರುಗಳು ಎಚ್ಚೆತ್ತುವು. ಬ್ರೂಕ್ಸ್ ಎಂಬ ಹಡಗಿನೊಳಗೆ ಮನುಷ್ಯರನ್ನು ಸೌದೆಯ ತುಂಡುಗಳಂತೆ ಒಟ್ಟಿದುದನ್ನು ತೋರಿಸುವ ಪ್ರಸಿದ್ಧ ಚಿತ್ರವನ್ನು ಮೊದಲು ಅಚ್ಚು ಹಾಕಿಸಿದವರು ಪ್ಲಿಮತ್ ಊರಿನ ಸಮಿತಿಯವರು. 1789ರಲ್ಲಿ ಲಂಡನ್ನಿನವರು ಅದನ್ನು ತಿದ್ದಿ ಹಿಗ್ಗಿಸಿದರು. ಊಟದ ಮನೆಗಳ ಗೋಡೆಗಳ ಮೇಲೆ ಸಹ ಆ ಚಿತ್ರ ಕಾಣಿಸಿಕೊಂಡಿತು. ಜೊಸಾಯ ವೆಜ್‌ವುಡ್ ಎಂಬ ಪಿಂಗಾಣಿ ತಯಾರಕ ಸಂಕೋಲೆ ತೊಟ್ಟು ಮಂಡಿಯೂರಿದ ಮನುಷ್ಯನ ಬಿಲ್ಲೆಯೊಂದನ್ನು ಮಾಡಿಸಿದ. ಹೆಂಗಸರು ಅದನ್ನು ಆಭರಣದಂತೆ ಧರಿಸಿದರು. ಮತದಾನದ ಹಕ್ಕಿಲ್ಲದ ಆ ಹೆಂಗಸರೇ ಗುಲಾಮರು ಬೆಳೆದ ಸಕ್ಕರೆಯನ್ನು ಅಡುಗೆಮನೆಯಿಂದ ಹೊರಗಟ್ಟಿದರು. 1791ರ ಸುಮಾರಿಗೆ ಮೂರು ಲಕ್ಷ ಜನ ಸಕ್ಕರೆ ಬಿಟ್ಟಿದ್ದರೆಂದು ಕ್ಲಾರ್ಕ್‌ಸನ್ನನ ಅಂದಾಜು. ಒಂದು ಮನೆಯಲ್ಲಿ ಹುಟ್ಟಿದ್ದು ಇನ್ನೊಂದು ಮನೆಯಲ್ಲಿ ಬೆಳೆಯಿತು. ಪ್ರತಿಯೊಬ್ಬರಿಗೂ ಅವರವರ ಕೈಗೆಟಕುವ ಒಂದು ಕೆಲಸ ದೊರೆಯಿತು.

1792ರಲ್ಲಿ 519 ಮನವಿಪತ್ರಗಳು ಪಾರ್ಲಿಮೆಂಟನ್ನು ತಲುಪಿದುವು. ಅವುಗಳಲ್ಲಿದ್ದ ಸಹಿಗಳು ಸುಮಾರು 3,90,000. ಕಾಮನ್ಸ್ ಸಭೆ ಕ್ರಮಕ್ರಮವಾಗಿ ಈ ವ್ಯಾಪಾರವನ್ನು ನಿಲ್ಲಿಸುವುದಾಗಿ ಗೊತ್ತುವಳಿ ಮಾಡಿತು. ಆದರೆ ಲಾರ್ಡ್ಸ್ ಸಭೆ ಕಾಲಹರಣ ಮಾಡಿತು. ಮರುವರ್ಷ ಫ್ರಾನ್ಸಿನೊಡನೆ ಯುದ್ಧ ಬಂದಿತು. ಚಳವಳಿಗಾರರೆಲ್ಲ ರಾಜದ್ರೋಹಿಗಳಂತೆ ಕಾಣತೊಡಗಿದರು. ವ್ಯಾಪಾರವನ್ನು ನಿಷೇಧಿಸುವ ಕಾನೂನು ಬಂದುದು 1807ರಲ್ಲಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ತೊಡೆಯುವ ಶಾಸನವಾದುದು 1833ರಲ್ಲಿ. ಮೊದಲ ಸಭೆಯಿಂದ ಮೊದಲ ಜಯಕ್ಕೆ ಇಪ್ಪತ್ತು ವರ್ಷ. ಸಹಿಗಳ ರಾಶಿ ಒಂದೇ ದಿನದಲ್ಲಿ ಬಾಗಿಲನ್ನು ತೆರೆಯಿಸಲಿಲ್ಲ. ನಡುವೆ ಬಂದ ಕತ್ತಲೆಯ ವರ್ಷಗಳಲ್ಲಿಯೂ ಆ ಊರೂರಿನ ನಂಟು ಪೂರ್ತಿ ಕಡಿದುಹೋಗಲಿಲ್ಲ ಎಂಬುದೇ ಅಂತಿಮವಾಗಿ ಫಲ ಕೊಟ್ಟಿತು.

ಇಂಥ ನಂಟಿನ ಅನುಭವ ಕನ್ನಡಿಗರಿಗೂ ಇಲ್ಲದಿಲ್ಲ. ಕಳೆದ ಶತಮಾನದ ಆರಂಭದಲ್ಲಿ ನಾವು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಸೀಮೆ, ಕೊಡಗು ಎಂದು ಹಂಚಿಹೋಗಿದ್ದೆವು. ಇವುಗಳ ನಡುವೆ ಸಣ್ಣಪುಟ್ಟ ಸಂಸ್ಥಾನಗಳು ಬೇರೆ. ಒಂದು ಸರಕಾರದ ಕಚೇರಿಗೆ ಕೊಟ್ಟ ಅರ್ಜಿ ಇನ್ನೊಂದಕ್ಕೆ ಸಲ್ಲದು. ಆ ಗೋಡೆಗಳನ್ನು ದಾಟಿದುದು ಯಾವುದು? 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು, ಆಲೂರ ವೆಂಕಟರಾಯರಂಥವರ ಲೇಖನಿ ಮತ್ತು ಕಾಲು, ಅಂಚೆಯಲ್ಲಿ ಊರೂರಿಗೆ ಹೋಗುತ್ತಿದ್ದ ಪತ್ರಿಕೆಗಳು. ಸಾಹಿತ್ಯ ಸಮ್ಮೇಳನ ನಡೆದ ಸ್ಥಳಗಳ ಪಟ್ಟಿಯನ್ನೇ ನೋಡಿರಿ: 1915ರಲ್ಲಿ ಬೆಂಗಳೂರು, 1918ರಲ್ಲಿ ಧಾರವಾಡ, 1926ರಲ್ಲಿ ಬಳ್ಳಾರಿ, 1927ರಲ್ಲಿ ಮಂಗಳೂರು, 1928ರಲ್ಲಿ ಕಲಬುರಗಿ, 1932ರಲ್ಲಿ ಮಡಿಕೇರಿ. ಹದಿನೇಳು ವರ್ಷಗಳಲ್ಲಿ ಐದು ಸರಕಾರಗಳ ಅಂಗಳಗಳಲ್ಲಿಯೂ ಕನ್ನಡಿಗರು ಒಮ್ಮೆಯಾದರೂ ಪಂಕ್ತಿಯಲ್ಲಿ ಕುಳಿತಿದ್ದರು. 1956ರ ನವೆಂಬರ್ 1ರಂದು ಭೂಪಟ ಒಂದಾಗುವ ಎಷ್ಟೋ ಮೊದಲು ನಂಟು ಒಂದಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಜಾಲತಾಣವೆಂಬುದನ್ನು ಒಂದು ಮನೆಯೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದುಕೊಂಡು 1989ರಲ್ಲಿ ಈ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ, ಈ ವಿದ್ಯೆಯನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಯಾರ ಅಪ್ಪಣೆಯೂ ಇಲ್ಲದೆ ಮನೆ ಕಟ್ಟಬಹುದಾದ ಬಯಲು ದೊರೆತಂತಾಯಿತು. ಒಬ್ಬರು ಪುಸ್ತಕದ ಮನೆ ಕಟ್ಟಿದರು, ಒಬ್ಬರು ಚಿತ್ರದ ಮನೆ, ಒಬ್ಬರು ಅಂಗಡಿ, ಒಬ್ಬರು ಹರಟೆಯ ಕಟ್ಟೆ. ಈ ಮನೆಗಳ ನಡುವೆ ಓಡಾಡುತ್ತ, ಇಲ್ಲಿಯ ಸುದ್ದಿಯನ್ನು ಅಲ್ಲಿಗೆ ಒಯ್ಯುತ್ತ ಇರುವ ಜನರ ಬಳಗವೇ ಸಾಮಾಜಿಕ ಜಾಲ.

ಆ ಬಳಗದ ಬಲ ಲೋಕಕ್ಕೆ ಗೊತ್ತಾದ ದಿನಗಳಲ್ಲೊಂದು 2012ರ ಜನವರಿ 18. ಅಮೆರಿಕದ ಸಂಸತ್ತಿನ ಎರಡು ಸದನಗಳಲ್ಲಿ ಸೋಪಾ, ಪೀಪಾ ಎಂಬ ಸಂಕ್ಷಿಪ್ತ ಹೆಸರುಗಳ ಎರಡು ಮಸೂದೆಗಳಿದ್ದುವು. ಸಿನಿಮಾ ಸಂಗೀತಗಳ ಕಳ್ಳಪ್ರತಿಗಳನ್ನು ತಡೆಯುವುದು ಅವುಗಳ ಉದ್ದೇಶ. ಉದ್ದೇಶವೇನೋ ನ್ಯಾಯವಾದದ್ದೇ. ಆದರೆ ಆಪಾದನೆಗೊಳಗಾದ ಪರದೇಶದ ತಾಣಗಳನ್ನು ಜನರ ಕಣ್ಣಿಗೇ ಬೀಳದಂತೆ ಮಾಡುವ ಅಧಿಕಾರ ಅವುಗಳಲ್ಲಿ ಅಡಗಿತ್ತು. ಒಬ್ಬ ಬಾಡಿಗೆದಾರನ ತಪ್ಪಿಗೆ ಇಡೀ ವಠಾರಕ್ಕೆ ಬೀಗ ಬೀಳಬಹುದೆಂಬ ಭಯ ಹುಟ್ಟಿತು. ಇಂಗ್ಲಿಷ್ ವಿಕಿಪೀಡಿಯ ಎಂಬ ವಿಶ್ವಕೋಶವನ್ನು ಬರೆಯುವ ಸ್ವಯಂಸೇವಕರು ತಮ್ಮತಮ್ಮಲ್ಲಿ ಚರ್ಚಿಸಿದರು. ಅದರಲ್ಲಿ ಭಾಗವಹಿಸಿದವರು 1,800ಕ್ಕೂ ಹೆಚ್ಚು ಮಂದಿ. ಅವರ ನಿರ್ಣಯದಂತೆ ಒಂದು ಇಡೀ ದಿನ ವಿಶ್ವಕೋಶದ ಪುಟಗಳು ಕಪ್ಪಾದುವು. ಓದಲು ಬಂದವನಿಗೆ ಕಾಣಿಸಿದುದು ಒಂದು ಪ್ರಶ್ನೆ: ನಿಮ್ಮ ಊರಿನ ಅಂಚೆಸಂಖ್ಯೆ ಯಾವುದು? ಅದನ್ನು ತುಂಬಿದರೆ ಆ ಕ್ಷೇತ್ರದ ಪ್ರತಿನಿಧಿಯ ವಿಳಾಸ, ದೂರವಾಣಿಗಳು ದೊರೆಯುತ್ತಿದ್ದುವು. 80 ಲಕ್ಷಕ್ಕೂ ಮೀರಿ ಜನ ಹೀಗೆ ತಮ್ಮ ಪ್ರತಿನಿಧಿಯನ್ನು ಹುಡುಕಿದರು. ರೆಡ್ಡಿಟ್ ಎಂಬ ಹರಟೆಯ ಕಟ್ಟೆ ಹನ್ನೆರಡು ಗಂಟೆ ಮುಚ್ಚಿತು. ಗೂಗಲ್ ತನ್ನ ಹೆಸರಿನ ಮೇಲೆ ಕಪ್ಪು ಪಟ್ಟಿಯನ್ನೆಳೆಯಿತು. ಸಾವಿರಾರು ಸಣ್ಣ ತಾಣಗಳು ಜೊತೆಗೂಡಿದುವು. ಎರಡು ದಿನಗಳೊಳಗೆ, ಜನವರಿ 20ರಂದು, ಎರಡೂ ಮಸೂದೆಗಳನ್ನು ಮುಂದೂಡಲಾಯಿತು. ಅವು ಮತ್ತೆ ಮೇಲೇಳಲಿಲ್ಲ.

ಇಪ್ಪತ್ತು ವರ್ಷಗಳ ಕೆಲಸ ಎರಡು ದಿನಕ್ಕೆ ಇಳಿಯಿತಲ್ಲ ಎಂದು ಮೂಗಿನ ಮೇಲೆ ಬೆರಳಿಡಬಹುದು. ಅವಸರ ಬೇಡ. ಮನುಷ್ಯರನ್ನು ಮಾರುವ ಒಂದು ಲೋಕವ್ಯಾಪಾರವನ್ನು ನಿಲ್ಲಿಸುವುದಕ್ಕೂ ಇನ್ನೂ ಅಂಗೀಕಾರವಾಗದ ಮಸೂದೆಯೊಂದನ್ನು ತಡೆಯುವುದಕ್ಕೂ ಅಂತರವಿದೆ. ಈ ಸಲ ಗೂಗಲ್‌ನಂಥ ಧನಿಕರು ಜನರ ಪಕ್ಷದಲ್ಲಿಯೇ ನಿಂತಿದ್ದರು. ಆದರೂ ಒಂದು ಸಾಮ್ಯವನ್ನು ಮರೆಯುವಂತಿಲ್ಲ. ಅಂದು ವಿಕಿಪೀಡಿಯ ತನ್ನ ಓದುಗನಿಗೆ ಕೈಗೆಟಕುವ ಒಂದು ಕೆಲಸವನ್ನು ಕೊಟ್ಟಿತು: ನಿನ್ನ ಹೆಸರನ್ನು ಹೇಳು, ನಿನ್ನ ಪ್ರತಿನಿಧಿಯನ್ನು ನೀನೇ ಮಾತನಾಡಿಸು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಸ್ಸಾಮಿನ ಕೋಕರಾಝಾರ್ ಸುತ್ತಮುತ್ತ ಗಲಭೆಗಳಾಗಿದ್ದುವು. ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿ ದುಡಿಯುತ್ತ ಓದುತ್ತ ಇದ್ದವರ ಮೇಲೆ ದಾಳಿ ನಡೆಯಲಿದೆಯೆಂಬ ಗಾಳಿಮಾತು ಫೋನಿನಿಂದ ಫೋನಿಗೆ ಹಾರಿತು. ಸ್ವಾತಂತ್ರ್ಯದಿನದ ಆಸುಪಾಸಿನಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲುನಿಲ್ದಾಣದಲ್ಲಿ ನೆರೆದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟೊಟ್ಟಿಗೆ ಹಲವರಿಗೆ ಸಂದೇಶ ಕಳಿಸುವುದನ್ನು ಕೇಂದ್ರ ಸರಕಾರ ಕೆಲವು ದಿನ ನಿರ್ಬಂಧಿಸಿತು. ನಮ್ಮ ಬೀದಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಸ್ಸಾಮಿನ ಹುಡುಗನೊಬ್ಬ ಚೀಲ ಹೆಗಲಿಗೇರಿಸಿ ನಿಂತಿದ್ದ. ಯಾರು ಹೇಳಿದರಪ್ಪಾ ಎಂದು ಕೇಳಿದೆ. ಫೋನನ್ನು ತೆರೆದು ತೋರಿಸಿದ. ನಾಲ್ಕು ಸಾಲಿನ ಸಂದೇಶ. ಮೇಲೆ ಇದ್ದುದು ಅದನ್ನು ಅವನಿಗೆ ದಾಟಿಸಿದ ಗೆಳೆಯನ ಹೆಸರು. ಗೆಳೆಯನಿಗೆ ಯಾರು ಕಳಿಸಿದರೋ ಅವನಿಗೆ ತಿಳಿಯದು. ಎಲ್ಲರೂ ದಾಟಿಸಿದವರೇ, ಹೇಳಿದವರು ಯಾರೂ ಇಲ್ಲ. ಅವನಿಗೆ ಧೈರ್ಯ ಹೇಳಲು ನನ್ನ ಬಳಿ ಇದ್ದುದಾದರೂ ಏನು? ನನ್ನ ಮಾತಿಗಿಂತ ಆ ಹೆಸರಿಲ್ಲದ ಮಾತೇ ಅವನಿಗೆ ಬಲವಾಗಿ ಕಂಡಿತು. ಅವನು ಹೊರಟುಹೋದ.

ಲಕ್ಷಾಂತರ ಜನರನ್ನು ಒಮ್ಮೆಗೇ ಎಬ್ಬಿಸುವ ಶಕ್ತಿ ಭಯಕ್ಕೂ ಇದೆ, ವಿವೇಕಕ್ಕೂ ಇದೆ. ಎರಡೂ ಹರಿಯುವುದು ಒಂದೇ ತಂತಿಯಲ್ಲಿ. ವ್ಯತ್ಯಾಸವನ್ನು ಕಂಡುಕೊಳ್ಳುವುದಕ್ಕೆ ಸಹಿಯೊಂದೇ ಗುರುತು. ಸಹಿ ಎಂದರೆ ಇದನ್ನು ನಾನು ಓದಿದ್ದೇನೆ, ಇದು ನನ್ನ ಮಾತು, ಇದಕ್ಕೆ ನಾನು ಹೊಣೆ ಎಂದು ಅರ್ಥ.

ಮೂರನೆಯ ಪ್ರಸಂಗ ನಮ್ಮ ದೇಶದ್ದೇ. 2015ರ ಮಾರ್ಚ್ 27ರಂದು ಟ್ರಾಯ್, ಎಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಒಂದು ಸಮಾಲೋಚನಾ ಪತ್ರವನ್ನು ಪ್ರಕಟಿಸಿತು. ಮೊಬೈಲ್ ಸಂಪರ್ಕ ಒದಗಿಸುವ ಕಂಪನಿಗಳು ಕೆಲವು ತಾಣಗಳಿಗೆ ಹೆಚ್ಚು ದರವನ್ನೂ ಕೆಲವಕ್ಕೆ ಕಡಿಮೆ ದರವನ್ನೂ ಹಾಕಬಹುದೆ ಎಂಬುದು ಅದರ ತಿರುಳು. ಅಂಚೆಯವನು ಲಕೋಟೆಯೊಳಗೆ ಏನಿದೆಯೆಂದು ನೋಡಿ ದರ ಕಟ್ಟುವುದುಂಟೆ? ಹಾಗಾದರೆ ಹಣವಂತನ ಮನೆಗೆ ರಾಜಮಾರ್ಗ, ಬಡವನ ಮನೆಗೆ ಮುಳ್ಳುಬೇಲಿ ಎಂದಾಗುವುದಿಲ್ಲವೆ? ಪತ್ರವಾದರೋ 118 ಪುಟಗಳದು. ಕೊನೆಯಲ್ಲಿ 20 ಪ್ರಶ್ನೆಗಳು. ಉತ್ತರಿಸಲು ಏಪ್ರಿಲ್ 24ರವರೆಗೆ ಅವಧಿ. ಸಾಮಾನ್ಯನು ಅದನ್ನು ಓದುವುದು ದೂರದ ಮಾತು. ಆಗ ಪತ್ರಕರ್ತರು, ವಕೀಲರು, ತಂತ್ರಜ್ಞರು ಮೊದಲಾದ ಕೆಲವು ಸ್ವಯಂಸೇವಕರು ಕಲೆತು ಆ ಪುಟಗಳನ್ನು ಸಂಗ್ರಹಿಸಿ ಸರಳ ಮಾತಿನಲ್ಲಿ ಬರೆದರು. ಇಪ್ಪತ್ತು ಪ್ರಶ್ನೆಗಳಿಗೂ ಉತ್ತರದ ಕರಡೊಂದನ್ನು ಸಿದ್ಧಪಡಿಸಿ, ಬೇಕಾದಂತೆ ತಿದ್ದಿ ಕಳಿಸಿರೆಂದು ಜನರ ಮುಂದಿಟ್ಟರು. ಹಾಸ್ಯಗಾರರ ಒಂದು ತಂಡ ಅದನ್ನೇ ನಗಿಸುವ ಚಲಚಿತ್ರವಾಗಿಸಿತು. ಅವಧಿ ಮುಗಿಯುವ ಹೊತ್ತಿಗೆ ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ತಲುಪಿದ್ದುವು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ಇಂಥದೊಂದು ರಿಯಾಯಿತಿ ಯೋಜನೆಯ ಮಾತುಕತೆಯಿಂದ ಏಪ್ರಿಲ್ 14ರಂದು ಹಿಂದೆ ಸರಿಯಿತು.

ಆ ದಿನಗಳಲ್ಲಿ ನನ್ನ ಮಗಳು ಫೋನನ್ನು ಮುಂದೆ ಹಿಡಿದು, “ಅಪ್ಪ, ಇಲ್ಲಿ ಒತ್ತಿ ಸಾಕು” ಎಂದಳು. ನನಗೆ ಕೆರೆಬೀದಿಯ ಅಜ್ಜಿ ನೆನಪಾದರು. ಮೊದಲು ಓದಿ ಹೇಳಮ್ಮ ಎಂದೆ. ಅವಳು ಸ್ವಲ್ಪ ಬೇಸರದಿಂದಲೇ ಓದತೊಡಗಿದಳು. ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅವಳಿಗೇ ಸಂಶಯಗಳೆದ್ದುವು. ನಾವಿಬ್ಬರೂ ಕುಳಿತು ಎರಡು ಉತ್ತರಗಳನ್ನು ತಿದ್ದಿದೆವು. ಒಂದು ಗಂಟೆ ಹಿಡಿಯಿತು. ಆಮೇಲೆ ಕಳಿಸಿದೆವು. ಕೆಲವು ದಿನಗಳಲ್ಲಿಯೇ ಪ್ರಾಧಿಕಾರವು ಬಂದ ಪತ್ರಗಳನ್ನೆಲ್ಲ ಕಳಿಸಿದವರ ಹೆಸರು, ಇ-ಮೇಲ್ ವಿಳಾಸಗಳ ಸಮೇತ ಬಹಿರಂಗಪಡಿಸಿತು. ಬಹಳ ಮಂದಿ ಸಿಟ್ಟಾದರು. ಬೇಡದ ಕಾಗದಗಳ ಹಾವಳಿಗೆ ದಾರಿಯಾಯಿತೆಂಬ ಅವರ ಸಿಟ್ಟು ನ್ಯಾಯವಾದದ್ದೇ. ಸಾರ್ವಜನಿಕವಾಗಿ ಮಾತನಾಡುವವನು ಹೆಸರಿಗೆ ಹೆದರಬಾರದು, ನಿಜ. ಆದರೆ ಹೆಸರನ್ನು ನಂಬಿ ಕೊಟ್ಟವನ ಮನೆಯ ಬೀಗದ ಕೈಯನ್ನು ಬೀದಿಯಲ್ಲಿಡುವ ಹಕ್ಕು ಪಡೆದವನಿಗಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಧಿಕಾರ ಎರಡನೆಯ ಪತ್ರವನ್ನು ಹೊರಡಿಸಿತು. ಆ ವೇಳೆಗೆ ಫೇಸ್‌ಬುಕ್ ಸಂಸ್ಥೆ ‘ಫ್ರೀ ಬೇಸಿಕ್ಸ್’ ಎಂಬ ಯೋಜನೆಯನ್ನು ತಂದಿತ್ತು. ಬಡವರಿಗೆ ಕೆಲವು ಆಯ್ದ ತಾಣಗಳನ್ನು ಉಚಿತವಾಗಿ ಕೊಡುವುದು ಅದರ ಭರವಸೆ. ಉಚಿತವೆಂಬುದು ಹಸಿದವನಿಗೆ ಹಗುರವಾದ ಮಾತಲ್ಲ. ಆ ಪಕ್ಷದಲ್ಲಿಯೂ ಹುರುಳಿತ್ತೆಂಬುದನ್ನು ಒಪ್ಪಬೇಕು. ಆದರೆ ಆಯುವವರು ಯಾರು? ಬಯಲಿನಲ್ಲಿ ಮನೆಗಳಿದ್ದಲ್ಲಿ ಒಬ್ಬನ ಅರಮನೆಯೂ ಅದರ ಕಾವಲುಬಾಗಿಲೂ ಏಳುವುವೆಂದು ಅನೇಕರು ಆಕ್ಷೇಪಿಸಿದರು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳ ಹಲವು ಅಧ್ಯಾಪಕರು ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ಫೇಸ್‌ಬುಕ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ತನ್ನ ಬಳಕೆದಾರರ ಮುಂದೆ ಬೆಂಬಲದ ಸಿದ್ಧಪತ್ರವೊಂದನ್ನೂ ಹಿಡಿಯಿತು. ಒಂದು ಸಲ ಒತ್ತಿದರಾಯಿತು. ಈ ಸಲ ಬಂದ ಅಭಿಪ್ರಾಯಗಳು ಇಪ್ಪತ್ತು ಲಕ್ಷವನ್ನೂ ಮೀರಿದುವು. ಅವುಗಳಲ್ಲಿ ಬಹುಪಾಲು ಈ ಒಂದೇ ಮನೆಯಿಂದ ಹೊರಟವು.

ಆಗ ಪ್ರಾಧಿಕಾರ ನಡೆದುಕೊಂಡ ರೀತಿ ಮೆಚ್ಚತಕ್ಕದ್ದು. ನಾವು ಕೇಳಿದುದು ನಾಲ್ಕು ಪ್ರಶ್ನೆ. ಈ ಪತ್ರಗಳು ಅವಕ್ಕೆ ಉತ್ತರವನ್ನೇ ಕೊಡುತ್ತಿಲ್ಲ. ಸಮಾಲೋಚನೆಯೆಂದರೆ ತಲೆ ಎಣಿಸುವ ಆಟವಲ್ಲ ಎಂಬ ಅರ್ಥ ಬರುವಂತೆ ಅದು ಆ ಸಂಸ್ಥೆಗೆ ಬರೆಯಿತು. 2016ರ ಫೆಬ್ರವರಿ 8ರಂದು, ತಾಣವನ್ನು ನೋಡಿ ದರ ಬದಲಿಸುವುದನ್ನು ನಿಷೇಧಿಸುವ ನಿಯಮಗಳು ಹೊರಬಿದ್ದುವು. ಮೂರೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಮೊದಲ ಸಲದ ಹತ್ತು ಲಕ್ಷ ಪತ್ರಗಳಲ್ಲಿಯೂ ಓದದೆ ಒತ್ತಿದವುಗಳಿಗೆ ಕೊರತೆಯಿರಲಾರದು. ಸಿದ್ಧಪತ್ರವನ್ನು ಎರಡು ಪಕ್ಷಗಳೂ ಬಳಸಿದುವು. ಆದರೆ ಒಂದು ಪಕ್ಷದ ಕರಡು ಕೇಳಿದ ಪ್ರಶ್ನೆಗೆ ಉತ್ತರವಾಗಿತ್ತು. ಇನ್ನೊಂದರದು ಬರಿಯ ಜೈಕಾರವಾಗಿತ್ತು. ಒಂದು ಹಲವು ಮನೆಗಳ ನಡುವೆ ಓಡಾಡಿ ಬೆಳೆದಿತ್ತು. ಇನ್ನೊಂದು ಮನೆಯ ಒಡೆಯನೇ ಅತಿಥಿಗಳ ಕೈ ಹಿಡಿದು ಬರೆಸಿದ್ದಾಗಿತ್ತು. ಪ್ಲಿಮತ್ತಿನ ಚಿತ್ರವನ್ನು ಲಂಡನ್ನು ತಿದ್ದಬಹುದಾಗಿತ್ತು, ಧಾರವಾಡದ ಮಾತನ್ನು ಮಂಗಳೂರು ಪ್ರಶ್ನಿಸಬಹುದಾಗಿತ್ತು. ಒಂದೇ ಮನೆಯಲ್ಲಿ ಎಲ್ಲರೂ ಕುಳಿತಾಗ, ದೀಪದ ಗುಂಡಿ ಒಡೆಯನ ಕೈಯಲ್ಲಿರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಬಹುಪಾಲು ಮಾತುಕತೆ ಬೆರಳೆಣಿಕೆಯ ದೊಡ್ಡ ಮನೆಗಳೊಳಗೆ ಸೇರಿಹೋಗಿರುವುದನ್ನು ನೆನೆದರೆ ನನಗೆ ಅಳುಕಾಗುತ್ತದೆ. ಬಯಲು ಇನ್ನೂ ಇದೆ. ಅಲ್ಲಿ ಸಣ್ಣ ಮನೆಗಳನ್ನು ಕಟ್ಟುವವರು, ಅವುಗಳ ನಡುವಿನ ಕಾಲುದಾರಿಯಲ್ಲಿ ನಡೆಯುವವರು ಕಡಿಮೆಯಾಗಬಾರದು.

ಅಂಚೆ, ಅಚ್ಚು, ಕುದುರೆ, ತಂತಿ ಎಲ್ಲವೂ ಮಾತನ್ನು ಒಯ್ಯುವ ವಾಹನಗಳು. ವಾಹನ ವೇಗವಾದಷ್ಟೂ ಮಾತನ್ನು ಏರಿಸುವವನ ಹೊಣೆ ಹೆಚ್ಚು. ನಮ್ಮ ವಾಚನಾಲಯ ಆ ವರ್ಷ ಮುಚ್ಚಲಿಲ್ಲ. ಮನವಿಯನ್ನು ಒಪ್ಪಿಸಲು ಹೋದಾಗ ಅಧಿಕಾರಿಯೊಬ್ಬರು ಹಾಳೆಯ ಮೇಲೆ ಕಣ್ಣಾಡಿಸಿ, ಇವರಲ್ಲಿ ಇದರಲ್ಲೇನಿದೆಯೆಂದು ತಿಳಿದವರೆಷ್ಟು ಮಂದಿ ಎಂದು ಕೇಳಿದರು. ನಾವು ಮುಖಮುಖ ನೋಡಿಕೊಂಡೆವು. ಕೊನೆಗೆ ನಾನು ಆ ಹೆಬ್ಬೆಟ್ಟಿನ ಗುರುತನ್ನು ತೋರಿಸಿ, “ಇವರಿಗೆ ತಿಳಿದಿದೆ ಸ್ವಾಮಿ” ಎಂದೆ. ಖಚಿತವಾಗಿ ಹೇಳಬಹುದಾಗಿದ್ದುದು ಅದೊಂದೇ ಆಗಿತ್ತು.